ಗೇಟು ತೆರೆದ ಮೇಲೆ ಫೋನು ಹುಡುಕಬೇಡಿ

ನಂಜನಗೂಡಿನ ಸ್ನಾನಘಟ್ಟದ ಬಳಿ, ಕಪಿಲೆಯ (ಕಬಿನಿ ಎಂದರೂ ಇದೇ ಹೊಳೆ) ದಡದಲ್ಲಿ, ಹದಿನಾರು ಕಾಲು ಮಂಟಪ ಇದೆ. ಅಲ್ಲಿನ ಹಳಬರಿಗೆ ಅದೇ ಅಳತೆಗೋಲು. ಮಂಟಪದ ಕಾಲು ನೆನೆದರೆ ಮಾಮೂಲಿ ಮಳೆಗಾಲ. ಸೂರು ಮುಟ್ಟಿದರೆ ಪಾತ್ರೆ ಪಡಗ ಅಟ್ಟಕ್ಕೇರಿಸಬೇಕು. ಮಂಟಪವೇ ಕಾಣದಿದ್ದರೆ ಮನೆ ಬಿಡಬೇಕು. 2019ರ ಆಗಸ್ಟ್‌ನಲ್ಲಿ ಮಂಟಪ ಕಾಣಲಿಲ್ಲ. ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್ಸ್ ಮೀರಿ ನೀರು ಬಿಟ್ಟಿದ್ದರು. ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆಯೇ ಹೊಳೆ ಹರಿಯಿತು. ಸುತ್ತೂರಿನ ಸೇತುವೆ ಮುಳುಗಿತು.

ನಾನು 1989ರಲ್ಲಿ ಗ್ರಾಮ ಲೆಕ್ಕಿಗರ ಕೆಲಸಕ್ಕೆ ಸೇರಿ ಉಪ ತಹಶೀಲ್ದಾರ್ ಆಗಿ ನಿವೃತ್ತಳಾದವಳು. ಈಗ ಮೈಸೂರಿನ ಕುವೆಂಪುನಗರದಲ್ಲಿ ಮೊಮ್ಮಗಳ ಹೋಂವರ್ಕು ಮಾಡಿಸಿಕೊಂಡಿದ್ದೇನೆ. ಆಗೊಮ್ಮೆ ಈಗೊಮ್ಮೆ ಯಾರಾದರೂ ಕರೆದರೆ ತರಬೇತಿಗಳಲ್ಲಿ ಒಂದು ಗಂಟೆ ಮಾತಾಡಿ ಬರುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಾಯಿಪಾಠ. ಜಿಲ್ಲಾ ಪ್ರಾಧಿಕಾರಕ್ಕೆ ಯಾರು ಅಧ್ಯಕ್ಷರು ಎಂದರೆ ನಿದ್ದೆಗಣ್ಣಿನಲ್ಲೂ ‘ಜಿಲ್ಲಾಧಿಕಾರಿ’ ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರ ಮನೆಯ ಬಾಗಿಲು ಮೊದಲು ಬಡಿಯುತ್ತೀರಿ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅಂಥ ಒಬ್ಬ ಹುಡುಗಿ ಟೀ ಹೊತ್ತಿನಲ್ಲಿ ‘ಮೇಡಂ, ಇದನ್ನೆಲ್ಲ ಬರೆದು ಕೊಡಿ’ ಎಂದಳು. ಅವಳಿಗಾಗಿ ಬರೆದದ್ದು ಇದು.

1. ನೀರಿನ ತವರು ಯಾವುದು ಎಂದು ಕೇಳಿ

ನಂಜನಗೂಡು ಮುಳುಗುವ ದಿನ ನಂಜನಗೂಡಿನಲ್ಲಿ ಬಿಸಿಲಿರಬಹುದು. ಹೊಸಬರಿಗೆ ಇದನ್ನು ನಂಬಿಸುವುದೇ ಕಷ್ಟ. ಕಪಿಲೆ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿಯ ಬಾಣಾಸುರ ಸಾಗರದ ಗೇಟು ಎತ್ತಿದರೆ ಆ ನೀರು ಬರುವುದು ನಮ್ಮ ಕಬಿನಿಗೆ. ಕಬಿನಿಯೋ ಸಣ್ಣ ಹೊಟ್ಟೆಯ ಜಲಾಶಯ: 19.52 ಟಿಎಂಸಿ. ಕೆಆರ್‌ಎಸ್‌ಗೆ 49.45 ಟಿಎಂಸಿ ಹಿಡಿಯುತ್ತದೆ. ಹಾಗಾಗಿ ಕಬಿನಿ ಬೇಗ ತುಂಬುತ್ತದೆ. 2,284 ಅಡಿ ಮುಟ್ಟಿದ ಮೇಲೆ ಬಂದದ್ದನ್ನೆಲ್ಲ ಕೆಳಕ್ಕೆ ಬಿಡದೆ ಗತಿಯಿಲ್ಲ.

ನಾನು ಇದನ್ನು ಕಲಿತದ್ದು ಇಲಾಖೆಯ ಪುಸ್ತಕದಿಂದಲ್ಲ, ಶುಂಠಿ ಬೆಳೆಯುವವರಿಂದ. ಎಚ್.ಡಿ. ಕೋಟೆ, ಹುಣಸೂರು ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವ ವಯನಾಡಿನ ರೈತರು ಬಹಳ. ಅವರಲ್ಲೊಬ್ಬರು ಪಹಣಿ ಕೇಳಿಕೊಂಡು ಕಚೇರಿಗೆ ಬಂದಿದ್ದಾಗ ‘ಊರಲ್ಲಿ ಮೂರು ದಿನದಿಂದ ಬಿಟ್ಟೂಬಿಡದೆ ಹೊಡೀತಿದೆ ಮೇಡಂ, ನಿಮ್ಮ ಹೊಳೆ ನೋಡ್ಕೊಳ್ಳಿ’ ಎಂದು ಹೇಳಿ ಹೋದರು. ಮಾರನೆಯ ದಿನ ಸಂಜೆ ಹೊಳೆ ಏರಿತು. ಅಂದಿನಿಂದ ಪ್ರತಿ ಜುಲೈನಲ್ಲಿ ರಾತ್ರಿ ಊಟವಾದ ಮೇಲೆ ಅವರಿಗೊಂದು ಫೋನು. ನಿಗದಿಯ ಸಂದೇಶ ಜಲಾಶಯದವರಿಂದ ಬಂದೇ ಬರುತ್ತದೆ, ಅದನ್ನು ಕಡೆಗಣಿಸಿ ಎಂದಲ್ಲ. ಆದರೆ ಮೇಲಿನ ಊರಿನಲ್ಲಿ ನಿಮ್ಮದೇ ಆದ ಒಬ್ಬ ಮನುಷ್ಯ ಇದ್ದರೆ ಅರ್ಧ ದಿನ ಮೊದಲೇ ಎಚ್ಚರವಾಗುತ್ತೀರಿ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ನಿವೃತ್ತಳಾಗಿದ್ದ ನಾನೂ ಮೊದಲು ಫೋನು ಮಾಡಿದ್ದು ಅದೇ ನಂಬರಿಗೆ. ಅವರ ಊರು ಬೇರೆ ಕಡೆ, ಬದುಕಿದ್ದರು.

2. ಊರಿನ ಹೆಸರುಗಳನ್ನು ಓದಿ

‘ಮೈಸೂರು ಸಿಟಿಗೆ ಏನಾಗುತ್ತೆ ಮೇಡಂ? ಸಮುದ್ರ ಇಲ್ಲ, ಊರೊಳಗೆ ಹೊಳೆ ಹರಿಯಲ್ಲ.’ ಪ್ರತಿ ತರಬೇತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಅವರಿಗೆ ನಾನು ನಾಲ್ಕು ಹೆಸರು ಹೇಳುತ್ತೇನೆ. ದೊಡ್ಡಕೆರೆ ಮೈದಾನ. ಸುಬ್ಬರಾಯನಕೆರೆ. ಜೀವರಾಯನಕಟ್ಟೆ. ಕೆಸರೆ. ಮೊದಲಿನ ಮೂರರಲ್ಲಿ ಈಗ ಕುಡಿಯಲು ಒಂದು ಲೋಟ ನೀರೂ ಸಿಗುವುದಿಲ್ಲ. ಒಂದು ಕಡೆ ವಸ್ತುಪ್ರದರ್ಶನ ನಡೆಯುತ್ತದೆ, ಉಳಿದೆರಡು ಕಡೆ ಹುಡುಗರು ಆಡುತ್ತಾರೆ. ಕೆರೆ ಹೋಯಿತು, ಇಳಿಜಾರು ಎಲ್ಲಿಗೂ ಹೋಗಲಿಲ್ಲ.

ಮೈಸೂರಿಗೆ ಮಳೆ ಬರುವುದು ಎರಡು ಕಂತಿನಲ್ಲಿ. ಮೇ ತಿಂಗಳಿನಲ್ಲಿ ಗಾಳಿ, ಗುಡುಗಿನ ಮಳೆ. ಆಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ದಸರಾ ಆಸುಪಾಸು, ರಾತ್ರಿಯಿಡೀ ಸುರಿಯುವ ಮಳೆ. ಊರಿನ ಬಡಗಣ ಭಾಗದ ನೀರು ಕೆಸರೆ ದಿಕ್ಕಿನಲ್ಲಿ ಇಳಿದು ಕಾವೇರಿ ಸೇರಬೇಕು, ತೆಂಕಣದ್ದು ದಳವಾಯಿ ಕೆರೆಯ ದಿಕ್ಕಿನಲ್ಲಿ ಕಬಿನಿ ಸೇರಬೇಕು. ನಡುವೆ ರಾಜಕಾಲುವೆಯ ಮೇಲೆ ಮನೆ, ಕಾಂಪೌಂಡು, ಕಲ್ಯಾಣ ಮಂಟಪ ಎದ್ದರೆ ನೀರು ಹೊಸ ದಾರಿ ಹುಡುಕುತ್ತದೆ. ಹಾಗೆ ಅದಕ್ಕೆ ಸಿಗುವ ದಾರಿ ಯಾರದೋ ಅಡುಗೆಮನೆ.

ಹಳೆಯ ಹಳ್ಳಿಗಳಲ್ಲಿ ನೀರುಗಂಟಿ ಎಂಬ ಒಬ್ಬ ಇರುತ್ತಿದ್ದ. ಯಾವ ಕೆರೆಯ ಕೋಡಿ ಎತ್ತ ಬೀಳುತ್ತದೆ, ಏರಿ ಎಲ್ಲಿ ಸಡಿಲ, ತೂಬು ಯಾವಾಗ ತೆಗೆಯಬೇಕು, ಎಲ್ಲ ಅವನ ತಲೆಯಲ್ಲಿ. ಬಡಾವಣೆಗಳಿಗೆ ನೀರುಗಂಟಿ ಇಲ್ಲ. ಇರುವವರು ಪೌರಕಾರ್ಮಿಕರು. ಚರಂಡಿಯ ಯಾವ ತಿರುವಿನಲ್ಲಿ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತದೆ ಎಂಬುದು ಇಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ವಾರ್ಡಿನ ಮಳೆಗಾಲದ ಸಭೆಗೆ ಅವರನ್ನು ಕರೆದು, ಕುರ್ಚಿ ಕೊಟ್ಟು, ಮೊದಲು ಮಾತಾಡಲು ಬಿಡಿ. ನಾನು ಹಾಜರಿದ್ದ ಇಂಥ ಸಭೆಗಳಲ್ಲಿ ಅವರು ಬಂದಿದ್ದರು ನಿಜ, ಟೀ ಕೊಡುವುದಕ್ಕೆ.

3. ಎಚ್ಚರಿಕೆಯನ್ನು ಮೆಟ್ಟಿಲಿನ ಲೆಕ್ಕದಲ್ಲಿ ಹೇಳಿ

‘ನದಿ ಪಾತ್ರದ ಹಾಗೂ ತಗ್ಗು ಪ್ರದೇಶದ ಸಾರ್ವಜನಿಕರು ತಮ್ಮ ಜಾನುವಾರು ಹಾಗೂ ಆಸ್ತಿಪಾಸ್ತಿಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು.’ ಈ ವಾಕ್ಯವನ್ನು ನಾನು ಸೈಕ್ಲೋಸ್ಟೈಲ್ ಮಾಡಿಸಿದ್ದೇನೆ, ಜೆರಾಕ್ಸ್ ಮಾಡಿಸಿದ್ದೇನೆ, ಕೊನೆಗೆ ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಇದನ್ನು ಓದಿ ಒಬ್ಬರಾದರೂ ಎದ್ದು ಹೊರಟದ್ದನ್ನು ಕಾಣಲಿಲ್ಲ. ತಗ್ಗು ಪ್ರದೇಶ ಯಾವಾಗಲೂ ಪಕ್ಕದ ಮನೆಯವರದು.

ಒಂದು ಹಳ್ಳಿಯ ಜಗಲಿಯಲ್ಲಿ ನಾನು ‘ಎಪ್ಪತ್ತು ಸಾವಿರ ಕ್ಯೂಸೆಕ್ಸ್ ಬಿಡ್ತಾರಂತೆ’ ಎಂದು ಗಾಬರಿಯಿಂದ ಹೇಳುತ್ತಿದ್ದೆ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಯಜಮಾನರು ತಲೆ ಎತ್ತಿ, ‘ಅದೆಲ್ಲ ನಂಗೊತ್ತಾಗಕಿಲ್ಲ ಕನವ್ವ. ಮಾರಮ್ಮನ ಗುಡಿ ಗಂಟ ಬತ್ತದಾ, ಬರಕಿಲ್ವಾ? ಅಷ್ಟ್ ಹೇಳು’ ಅಂದರು. ನನಗೆ ಗೊತ್ತಿರಲಿಲ್ಲ. ಇಲಾಖೆಯಲ್ಲಿ ಹತ್ತು ವರ್ಷ ಕಳೆದಿದ್ದರೂ ಅದೊಂದು ಗೊತ್ತಿರಲಿಲ್ಲ.

ಅದಾದ ಮೇಲಿನ ಬೇಸಿಗೆಯಲ್ಲಿ ಊರೂರು ತಿರುಗಿ ಮುದುಕರನ್ನು ಕೂರಿಸಿಕೊಂಡು ಕೇಳಿದೆ. ಆ ವರ್ಷ ಇಷ್ಟು ನೀರು ಬಿಟ್ಟಾಗ ಎಲ್ಲಿಗೆ ಬಂದಿತ್ತು? ಶಾಲೆಯ ಯಾವ ಮೆಟ್ಟಿಲು? ಯಾರ ಕೊಟ್ಟಿಗೆ? ಹೇಳಿದ್ದನ್ನು ಒಂದು ಉದ್ದ ನೋಟುಪುಸ್ತಕದಲ್ಲಿ ಬರೆದುಕೊಂಡು, ಶಾಲೆಯ ಗೋಡೆ, ವಿದ್ಯುತ್ ಕಂಬ, ಗುಡಿಯ ಕಟ್ಟೆಗಳ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆಸಿದೆ. ಬಣ್ಣದ ಡಬ್ಬಿಯ ಬಿಲ್ಲಿಗೆ ಯಾವ ಲೆಕ್ಕಶೀರ್ಷಿಕೆ ಎಂದು ಕೇಳಿ ಬಿಲ್ಲು ವಾಪಸು ಬಂತು, ಅದು ಬೇರೆ ಕಥೆ. ಆದರೆ ಮುಂದಿನ ಸಲ ‘ರಾತ್ರಿ ಹನ್ನೊಂದರೊಳಗೆ ಎರಡನೇ ಗೆರೆ ದಾಟುತ್ತೆ’ ಎಂದಷ್ಟೇ ಹೇಳಿದೆ. ಜನ ತಾವಾಗಿಯೇ ಕಂಬದ ಹತ್ತಿರ ಹೋಗಿ ನೋಡಿ ಬಂದು ಗಂಟು ಕಟ್ಟಿದರು.

ಹೇಳುವ ಬಾಯಿ ಯಾವುದು ಎನ್ನುವುದೂ ಅಷ್ಟೇ ಮುಖ್ಯ. 1970ರ ಚಂಡಮಾರುತದಲ್ಲಿ ಇಂದಿನ ಬಾಂಗ್ಲಾದೇಶದ ಕರಾವಳಿಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆಮೇಲೆ ಅವರು 1972ರಿಂದ ಊರಿನವರನ್ನೇ ಸ್ವಯಂಸೇವಕರನ್ನಾಗಿ ಮಾಡಿ ಕೈಗೆ ಮೆಗಾಫೋನು, ಸೈರನ್ನು ಕೊಟ್ಟರು. ನಮ್ಮ ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರೆ, 2013ರ ಫೈಲಿನ್ ಹೊತ್ತಿಗೆ ಹತ್ತು ಲಕ್ಷದಷ್ಟು ಜನರನ್ನು ಮುಂಚೆಯೇ ಸಾಗಿಸಿದ್ದರು, ಸಾವು ಕೆಲವು ಹತ್ತುಗಳಲ್ಲಿ ನಿಂತಿತು. ಗಾಳಿ ಮೆದುವಾಗಿರಲಿಲ್ಲ, ಬಾಗಿಲು ಬಡಿದ ಕೈ ಪರಿಚಯದ್ದಾಗಿತ್ತು.

2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೆ ಕಿರುಚಿದ್ದು ನಿಮಗೆ ನೆನಪಿರಬೇಕು, ತುರ್ತು ಸಂದೇಶದ ಪರೀಕ್ಷೆ ಅದು. ನಮ್ಮ ಬೀದಿಯ ಅಜ್ಜಿ ಫೋನನ್ನು ದಿಂಬಿನ ಕೆಳಗೆ ಮುಚ್ಚಿಟ್ಟು ಅದರ ಮೇಲೆ ಕೂತುಬಿಟ್ಟಿದ್ದರು. ತಂತ್ರಜ್ಞಾನ ಒಳ್ಳೆಯದೇ. ಅದರ ಜೊತೆಗೆ ತಮಟೆಯವನೂ ಇರಲಿ, ಒಂದು ಬ್ಯಾಟರಿ ರೇಡಿಯೋನೂ ಇರಲಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ, ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೆ ಕೊಟ್ಟ ಊರು ಇದು. ಟವರ್ ಬಿದ್ದ ರಾತ್ರಿ ಮಾತಾಡುವುದು ರೇಡಿಯೋ ಒಂದೇ.

4. ಪಟ್ಟಿ ಇರುವುದು ಆಶಾ ಕಾರ್ಯಕರ್ತೆಯ ಚೀಲದಲ್ಲಿ

ಯೋಜನಾ ಪುಸ್ತಕಗಳಲ್ಲಿ ‘ದುರ್ಬಲ ವರ್ಗದವರ ವಿವರ’ ಎಂದು ಒಂದು ಕೋಷ್ಟಕ ಇರುತ್ತದೆ. ಮಕ್ಕಳು ಇಷ್ಟು, ವೃದ್ಧರು ಇಷ್ಟು, ಅಂಗವಿಕಲರು ಇಷ್ಟು. ಸಂಖ್ಯೆಯನ್ನು ಎತ್ತಿ ಟ್ರ್ಯಾಕ್ಟರಿಗೆ ಹಾಕಲು ಬರುವುದಿಲ್ಲ. ಹೆಸರು ಬೇಕು, ಮನೆ ಬೇಕು, ಆ ಮನೆಯ ಯಾವ ಕೋಣೆ ಎಂಬುದೂ ಬೇಕು.

ಒಂದು ರಾತ್ರಿ ನನ್ನ ಕೈಯಲ್ಲಿದ್ದ ಪಟ್ಟಿಯ ಪ್ರಕಾರ ಒಂದು ಬೀದಿ ಪೂರ್ತಿ ಖಾಲಿಯಾಗಿತ್ತು. ಟಿಕ್ಕು ಹಾಕಿ ಮುಂದಿನ ಬೀದಿಗೆ ಹೊರಟಿದ್ದೆ. ಅಲ್ಲಿಯ ಆಶಾ ಕಾರ್ಯಕರ್ತೆ ಸೆರಗು ಹಿಡಿದು ನಿಲ್ಲಿಸಿ, ‘ಮೇಡಂನೋರೆ, ಕೊನೇ ಮನೆ ಹಿತ್ತಲಲ್ಲಿ ತಾತ ಅವ್ರೆ. ಲಕ್ವ ಹೊಡೆದು ಆರು ತಿಂಗಳಾಯ್ತು’ ಎಂದಳು. ಪಟ್ಟಿ ಮಾಡಿದ ಹೊತ್ತಿಗೆ ತಾತ ನಡೆದಾಡುತ್ತಿದ್ದರು. ಮಗ, ಸೊಸೆ ಬೆಂಗಳೂರಿನಲ್ಲಿ. ಪಕ್ಕದವರು ಅವರ ಮಗ ಬಂದು ಕರಕೊಂಡು ಹೋದ ಎಂದುಕೊಂಡಿದ್ದರು. ನಾಲ್ವರು ಹುಡುಗರು ಮಂಚದ ಸಮೇತ ಹೊತ್ತು ತಂದಾಗ ಹಿತ್ತಲಿನಲ್ಲಿ ಮೊಣಕಾಲುದ್ದ ನೀರು. ತಾತ ಒಂದೂ ಮಾತಾಡಲಿಲ್ಲ. ನಾನು ಆ ಪಟ್ಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ, ನನ್ನದೇ ಟಿಕ್ಕು ಅದರ ಮೇಲಿದೆ.

ಆಶಾ, ಅಂಗನವಾಡಿಯವರಿಗೆ ಯಾವ ಮನೆಯಲ್ಲಿ ಎಂಟು ತಿಂಗಳ ಬಸುರಿ, ಯಾರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಯಾರ ಮನೆಯಲ್ಲಿ ಇನ್ಸುಲಿನ್ ಇದೆ ಎಲ್ಲ ಗೊತ್ತು. ಜೂನ್ ಒಂದನೆಯ ತಾರೀಖು, ಆಮೇಲೆ ದಸರಾಗೆ ಮುಂಚೆ, ವರ್ಷಕ್ಕೆ ಎರಡು ಸಲ ಅವರ ಜೊತೆ ಕೂತು ಪಟ್ಟಿ ತಿದ್ದಿ. ಪ್ರತಿ ಹೆಸರಿನ ಎದುರಿಗೆ ‘ಎತ್ತುವವರು’ ಎಂದು ಇನ್ನೊಂದು ಹೆಸರು ಬರೆಯಿರಿ. ಆ ಎರಡನೆಯ ಹೆಸರಿಲ್ಲದ ಪಟ್ಟಿ ಬರೀ ಜನಗಣತಿ.

5. ಮೊದಲು ಹಸುವನ್ನು ಸಾಗಿಸಿ

‘ಜನ ಮೂಢರು, ಎಷ್ಟು ಹೇಳಿದರೂ ಮನೆ ಬಿಡಲ್ಲ’ ಎಂದು ಕಚೇರಿಗಳಲ್ಲಿ ಹೇಳುವುದನ್ನು ಬಹಳ ಕೇಳಿದ್ದೇನೆ, ಮೊದಮೊದಲು ನಾನೂ ಅಂದಿದ್ದೇನೆ. ಹೊಸ್ತಿಲ ಮೇಲೆ ಕೂತಿದ್ದ ಒಬ್ಬ ಹೆಂಗಸು ಅದನ್ನು ಬಿಡಿಸಿದಳು. ‘ನಾನ್ ಬತ್ತೀನಿ, ನನ್ ಹಸ ಎಲ್ಲಿಗ್ ಬತ್ತದೆ? ಡೈರಿಗೆ ಬೆಳಗ್ಗೆ ಹಾಲ್ ಹಾಕ್ದಿದ್ರೆ ಸಾಲದ ಕಂತು ನೀವ್ ಕಟ್ತೀರಾ?’ ಅವಳದು ಸರಿಯಾದ ಲೆಕ್ಕ. ನಾವು ಕೊಡುತ್ತಿದ್ದುದು ಎರಡು ದಿನದ ಊಟ, ಬಿಟ್ಟು ಬಾ ಅನ್ನುತ್ತಿದ್ದುದು ಇಡೀ ಜೀವನೋಪಾಯವನ್ನು.

ಆಮೇಲಿನ ಸಲ ಎತ್ತರದ ಜಾಗದಲ್ಲಿ ಮೊದಲು ಗೂಟ ಹೊಡೆಸಿ, ಒಣ ಹುಲ್ಲು ಹಾಕಿಸಿ, ಪಶುವೈದ್ಯರಿಗೆ ಹೇಳಿ, ಹಾಲಿನ ವ್ಯಾನು ಅಲ್ಲಿಗೇ ಬರುವಂತೆ ಮಾಡಿದೆವು. ಹಸು ಹೊರಟಿತು, ಹಿಂದೆ ಜನ ಹೊರಟರು.

ಕಾಳಜಿ ಕೇಂದ್ರಕ್ಕೆ ಜನ ಬರದಿರಲು ಇನ್ನೂ ಮೂರು ಕಾರಣಗಳನ್ನು ನೋಡಿದ್ದೇನೆ: ಹೆಂಗಸರಿಗೆ ಶೌಚಾಲಯ ಇಲ್ಲದಿರುವುದು, ಕಳ್ಳರ ಭಯ, ಮತ್ತು ಯಾವ ಕೇರಿಯವರು ಯಾರ ಪಕ್ಕ ಮಲಗಬೇಕು ಎಂಬುದು. ಮೊದಲನೆಯದಕ್ಕೆ ತಗಡಿನ ತಾತ್ಕಾಲಿಕ ಶೌಚಾಲಯ, ಬಲ್ಬು, ಒಳಗಿನಿಂದ ಚಿಲಕ. ಎರಡನೆಯದಕ್ಕೆ ಖಾಲಿ ಬೀದಿಗಳಲ್ಲಿ ಪೊಲೀಸರ ಜೊತೆ ಆಯಾ ಬೀದಿಯದೇ ಇಬ್ಬರು ಹುಡುಗರ ಗಸ್ತು. ಮೂರನೆಯದನ್ನು ಯಾವ ಸುತ್ತೋಲೆಯೂ ಬರೆಯುವುದಿಲ್ಲ, ಆದರೆ ಅದೇ ಎಲ್ಲಕ್ಕಿಂತ ಗಟ್ಟಿ. ನೀರು ಜಾತಿ ನೋಡುವುದಿಲ್ಲ ಎಂದು ಭಾಷಣ ಮಾಡಿ ಪ್ರಯೋಜನವಿಲ್ಲ. ನಾನು ಮಾಡುತ್ತಿದ್ದುದು ಇಷ್ಟೇ: ಅಡುಗೆಗೆ ಎಲ್ಲ ಕೇರಿಯ ಹೆಂಗಸರನ್ನೂ ಒಟ್ಟಿಗೆ ಹಾಕುವುದು, ಮೊದಲ ಪಂಕ್ತಿಯಲ್ಲಿ ನಾನೇ ಕೂತು ಉಣ್ಣುವುದು. ಕೆಲವು ಸಲ ಗೆದ್ದೆ, ಕೆಲವು ಸಲ ಒಂದು ಬೀದಿಯವರು ತಟ್ಟೆ ಬಿಟ್ಟು ಎದ್ದು ಹೋದರು.

ಊಟದ ವಿಷಯದಲ್ಲಿ ಮೈಸೂರಿನಷ್ಟು ಅದೃಷ್ಟದ ಊರಿಲ್ಲ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಸಿದ್ಧಾರ್ಥನಗರದಲ್ಲಿ ರಕ್ಷಣಾ ಆಹಾರ ಪ್ರಯೋಗಾಲಯ. 2015ರ ನೇಪಾಳದ ಭೂಕಂಪಕ್ಕೂ 2018ರ ಕೇರಳದ ಪ್ರವಾಹಕ್ಕೂ ಇಲ್ಲಿಂದ ಸಿದ್ಧ ಆಹಾರದ ಪೊಟ್ಟಣಗಳು ಹೋಗಿವೆ. ದೂರದ ಊರಿಗೆ ಹೋಗುವ ಆ ಪೊಟ್ಟಣ ನಮ್ಮ ವಾರ್ಡಿನ ದಾಸ್ತಾನಿನಲ್ಲೂ ಒಂದು ದಿನದ ಮಟ್ಟಿಗೆ ಇರಬೇಕು ಎಂದು ಕೇಳುವುದಕ್ಕೆ ಏನು ಸಂಕೋಚವೋ ಕಾಣೆ.

6. ದೋಣಿಗಿಂತ ದೋಣಿಯವನು ಮುಖ್ಯ

ಎನ್‌ಡಿಆರ್‌ಎಫ್‌ನಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಪಟ್ಟ 10ನೇ ಬೆಟಾಲಿಯನ್ನಿನ ಕೇಂದ್ರ ಇರುವುದು ಆಂಧ್ರದ ವಿಜಯವಾಡದ ಬಳಿ. ತಂಡಗಳು ಬೆಂಗಳೂರಿನಿಂದಲೇ ಹೊರಟರೂ ಮೊದಲ ನಾಲ್ಕಾರು ಗಂಟೆ ನಿಮಗೆ ನೀವೇ. ಹೊಳೆ ಬಲ್ಲ ಬೆಸ್ತರು, ಜೆಸಿಬಿ ಇರುವವರು, ಶಾಮಿಯಾನದವರ ಜನರೇಟರು, ಮರ ಕಡಿಯುವ ಗರಗಸದವರು, ಈಜು ಬಲ್ಲ ಹುಡುಗರು. ಇವರ ನಂಬರು ಫೋನಿನಲ್ಲಿ ಮಾತ್ರವಲ್ಲ, ಗೋಡೆಯ ಮೇಲೂ ಇರಲಿ. ನನ್ನ ಫೋನು 2019ರಲ್ಲಿ ಮೊದಲ ರಾತ್ರಿಯೇ ನೀರಿಗೆ ಬಿತ್ತು.

ಜೆಸಿಬಿಯವರ ಬಾಕಿ ಹಣವನ್ನು ಮುಂದಿನ ಮಳೆಗಾಲಕ್ಕೆ ಮುಂಚೆ ಕೊಟ್ಟುಬಿಡಿ. ಇದನ್ನು ನಾನು ನಕ್ಕು ಹೇಳುತ್ತಿಲ್ಲ.

7. ‘ಹೊರಗೆ ಹೋಗಿ’ ಅನ್ನಲು ಯಾರನ್ನೂ ಕೇಳಬೇಕಾಗಬಾರದು

ಮೈಸೂರಿನಲ್ಲಿ ವಿಪತ್ತು ನೀರಾಗಿ ಬರುವುದಕ್ಕಿಂತ ಹೆಚ್ಚಾಗಿ ಗೋಡೆಯಾಗಿ ಬರುತ್ತದೆ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. ಪುಸ್ತಕದಂಗಡಿಗಳ ಸಾಲು ಅದು. ನಾವೆಲ್ಲ ಓದುವಾಗ ಹಳೆ ಪುಸ್ತಕ ಹುಡುಕುತ್ತ ನಿಂತಿರುತ್ತಿದ್ದ ಜಾಗ. ನಾಲ್ಕು ವರ್ಷದ ಮೇಲೆ, ಮತ್ತೆ ಆಗಸ್ಟಿನಲ್ಲೇ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗ ಬಿತ್ತು. 2022ರ ಅಕ್ಟೋಬರಿನ ಮಳೆಗೆ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಕುಸಿಯಿತು. ಅದಕ್ಕೆ ಹಿಂದಿನ ವರ್ಷ, ಅದೇ ಅಕ್ಟೋಬರಿನಲ್ಲಿ, ಚಾಮುಂಡಿಬೆಟ್ಟದ ನಂದಿ ರಸ್ತೆ ಜಾರಿತ್ತು. ಆಗಸ್ಟ್, ಅಕ್ಟೋಬರ್: ಹಳೆಯ ಸುಣ್ಣದ ಗಾರೆ ನೀರು ಕುಡಿದು ಭಾರವಾಗುವ ತಿಂಗಳುಗಳು.

ಮಹಾರಾಣಿ ಕಾಲೇಜಿನಲ್ಲಿ ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಬೀಳುವ ಸೂಚನೆ ಕಂಡಾಗ ಅಲ್ಲಿದ್ದವರನ್ನು ಹೊರಗೆ ಕಳಿಸಿದ್ದರು. ನಾನು ತರಬೇತಿಗಳಲ್ಲಿ ಈ ಒಂದು ಪ್ರಸಂಗವನ್ನು ಹೆಚ್ಚು ಹೊತ್ತು ಹೇಳುತ್ತೇನೆ. ಬಿರುಕು ಎಲ್ಲರಿಗೂ ಕಾಣುತ್ತದೆ. ‘ಎದ್ದೇಳಿ, ಪಾಠ ಸಾಕು’ ಅನ್ನುವವರು ಅಪರೂಪ. ಕಟ್ಟಡ ಬೀಳದೇ ಹೋದರೆ ನಗೆಪಾಟಲಾಗುತ್ತೇವೆ, ಮೇಲಿನವರು ‘ಯಾರನ್ನು ಕೇಳಿ ಮಾಡಿದಿರಿ’ ಎಂದು ಪತ್ರ ಬರೆಯುತ್ತಾರೆ ಎಂಬ ಭಯ. ಸುಳ್ಳೇ ಹೊರಗೆ ಕಳಿಸಿದ ಒಬ್ಬ ನೌಕರನಿಗೂ ನೋಟಿಸು ಕೊಡಬೇಡಿ. ಒಂದು ನೋಟಿಸು ಕೊಟ್ಟರೆ ಇಡೀ ಜಿಲ್ಲೆ ಬಾಯಿ ಮುಚ್ಚುತ್ತದೆ.

8. ಪಕ್ಕದ ಜಿಲ್ಲೆಯ ದುರಂತ ನಮ್ಮ ಬಾಗಿಲಿಗೆ ಬರುತ್ತದೆ

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ಸತ್ತರು. ರೋಗಿಗಳನ್ನು ಹೊತ್ತು ಆಂಬುಲೆನ್ಸುಗಳು ಬಂದದ್ದು ಮೈಸೂರಿಗೆ. ಕೆ.ಆರ್. ಆಸ್ಪತ್ರೆ, ಹಲವಾರು ಖಾಸಗಿ ಆಸ್ಪತ್ರೆಗಳು, ಎಲ್ಲೆಲ್ಲಿ ವೆಂಟಿಲೇಟರು ಇದೆಯೋ ಅಲ್ಲಿಗೆ. ವೈದ್ಯರ ಕೆಲಸದ ಬಗ್ಗೆ ನಾನು ಮಾತಾಡಲಾರೆ. ನನಗೆ ಕಂಡದ್ದು ಹೊರಗಿನ ಕೆಲಸ: ಅಪ್ಪ ಒಂದು ಆಸ್ಪತ್ರೆಯಲ್ಲಿ, ಮಗಳು ಇನ್ನೊಂದರಲ್ಲಿ ಆದಾಗ ಹಳ್ಳಿಯಿಂದ ಬಂದ ಅಜ್ಜಿಗೆ ಯಾರು ಎಲ್ಲಿದ್ದಾರೆ ಎಂದು ಒಂದೇ ಕಡೆ ಹೇಳುವವರು ಬೇಕು. ಒಂದು ಮೇಜು, ಒಂದು ಫೋನು, ಎಲ್ಲ ಆಸ್ಪತ್ರೆಗಳ ಹೆಸರುಗಳನ್ನು ಗಂಟೆಗೊಮ್ಮೆ ಸೇರಿಸಿ ಬರೆಯುವ ಒಬ್ಬ ಗುಮಾಸ್ತ. ಆ ಮೇಜು ಯಾವ ಜಾಗದಲ್ಲಿ, ಗುಮಾಸ್ತ ಯಾರು ಎಂಬುದು ಇವತ್ತೇ ಗೊತ್ತಿರಬೇಕು.

9. ಆನೆಗಿರುವ ತಾಲೀಮು ನಮಗಿಲ್ಲ

ಅಣಕು ಕಾರ್ಯಾಚರಣೆ ಎಂಬುದು ಬಹುಪಾಲು ಅಣಕೇ. ಒಂದು ಕಚೇರಿಯಲ್ಲಿ ಹಿಂದಿನ ದಿನವೇ ಸುತ್ತೋಲೆ: ‘ನಾಳೆ 11 ಗಂಟೆಗೆ ಬೆಂಕಿ.’ ಫೋಟೋ ತೆಗೆಯುತ್ತಾರೆಂದು ಎಲ್ಲರೂ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. 11ಕ್ಕೆ ಗಂಟೆ ಹೊಡೆಯಿತು. ಹಿಂಬದಿಯ ಮೆಟ್ಟಿಲಿನ ಬಾಗಿಲಿಗೆ ಬೀಗ. ಬೀಗದ ಕೈ ಇದ್ದ ಕಾವಲುಗಾರ ಇಡ್ಲಿ ತಿನ್ನಲು ಹೋಗಿದ್ದ. ಅವನು ಬರುವ ತನಕ ‘ಬೆಂಕಿ’ಯನ್ನು ಮುಂದೂಡಲಾಯಿತು. ಗಾಯಾಳುವಿನ ಪಾತ್ರಧಾರಿ ಸ್ಟ್ರೆಚರಿನ ಮೇಲೆ ಮಲಗಿಯೇ ಕಾಫಿ ಕುಡಿದ. ವರದಿಯಲ್ಲಿ ‘ಯಶಸ್ವಿಯಾಗಿ ನಡೆಯಿತು’.

ಇದೇ ಊರಿನಲ್ಲಿ ದಸರಾ ಆನೆಗಳ ತಾಲೀಮು ನೋಡಿ. ಗಜಪಯಣವಾಗಿ ಬಂದ ಮೇಲೆ ವಾರಗಟ್ಟಲೆ ಅರಮನೆಯಿಂದ ಬನ್ನಿಮಂಟಪಕ್ಕೆ ದಿನಾ ನಡಿಗೆ. ಮೊದಲು ಬರಿಮೈ, ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ. 750 ಕಿಲೋದ ಚಿನ್ನದ ಅಂಬಾರಿ ಏರುವುದು ಕೊನೆಗೆ. ಕುಶಾಲತೋಪಿನ ಸದ್ದಿಗೆ ಬೆದರದಿರಲಿ ಎಂದು ಮೊದಲೇ ಫಿರಂಗಿ ಹಾರಿಸಿ ಕೇಳಿಸುತ್ತಾರೆ. ಬೆದರಿದ ಆನೆಯನ್ನು ಯಾರೂ ಬೈಯುವುದಿಲ್ಲ, ಮರುದಿನ ಮತ್ತೆ ಕರೆತರುತ್ತಾರೆ. ಹಾಗೆ ಬೆದರುವ ಆನೆ ಯಾವುದು ಎಂದು ತಿಳಿಯುವುದಕ್ಕೇ ಆ ತಾಲೀಮು. ತಪ್ಪು ಹೊರಬೀಳದ ತಾಲೀಮು ಸುಮ್ಮನೆ ನಾಟಕ.

ಆದ್ದರಿಂದ ನನ್ನ ಸಲಹೆ: ಊಟದ ಹೊತ್ತಿನಲ್ಲಿ ಮಾಡಿ. ಸಾಹೇಬರು ರಜೆಯಲ್ಲಿದ್ದಾಗ ಮಾಡಿ. ಕರೆಂಟು ತೆಗೆದು ಮಾಡಿ. ಶಾಲೆಯಲ್ಲಾದರೆ ಒಂದನೇ ತರಗತಿಯಿಂದ ಶುರುಮಾಡಿ. ಆ ಮಕ್ಕಳಿಗೆ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದು ಪ್ರಾಣದ ಪ್ರಶ್ನೆ, ಒಳಗಡೆಗೆ ತೆರೆಯುವ ಬಾಗಿಲಿಗೆ ನಲವತ್ತು ಮಕ್ಕಳು ಒತ್ತಿ ನಿಂತರೆ ಅದು ತೆರೆಯುವುದಿಲ್ಲ.

10. ಬೇಸಿಗೆಯಲ್ಲೇ ಮನೆಯ ಫೋಟೋ ತೆಗೆಯಿರಿ

2019ರಲ್ಲಿ ರಾಜ್ಯ ಸರ್ಕಾರ ತುರ್ತು ಪರಿಹಾರವಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟಿತು. ಪೂರ್ತಿಯೋ ಭಾಗಶಃವೋ ಎಂದು ನಿರ್ಧಾರವಾಗುವುದು ಮಹಜರಿನಲ್ಲಿ. ನಿಂತಿದ್ದ ಮನೆ ಹೇಗಿತ್ತು ಎಂದು ತೋರಿಸಲು ಏನೂ ಇಲ್ಲದವರು ಸೋತರು, ಬಾಡಿಗೆಗಿದ್ದವರು ಇನ್ನೂ ಹೆಚ್ಚು ಸೋತರು. ಏಪ್ರಿಲ್‌ನಲ್ಲಿ ಮನೆಯ ನಾಲ್ಕೂ ಗೋಡೆ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಕರೆಂಟು ಬಿಲ್ಲು, ಹಸುವಿನ ಕಿವಿಯೋಲೆ ಎಲ್ಲದರ ಫೋಟೋ ತೆಗೆದು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳಿಸಿ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

11. ಈ ಊರು ಹಿಂದೆ ಕಲಿತಿದೆ, ಮತ್ತೆ ಕೇಳಿ

1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು, ಮದುವೆಯ ಸಂಭ್ರಮದ ನಡುವೆ. ಅದರ ಜಾಗದಲ್ಲಿ ಕಲ್ಲಿನ ಅರಮನೆ ಎದ್ದಿತು, ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋದಿಂದ ಎರಕದ ಕಬ್ಬಿಣದ ಕಂಬ ಬಂದವು. ಅದೇ ಕಾಲಕ್ಕೆ ಪ್ಲೇಗು ಬಂತು. ಇಕ್ಕಟ್ಟಿನ ಓಣಿಗಳನ್ನು ಬಿಡಿಸಿ ಅಗಲ ಬೀದಿ, ಚರಂಡಿ, ಹೊಸ ಬಡಾವಣೆಗಳನ್ನು ಮಾಡಲು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು, ದೇಶದಲ್ಲೇ ಮೊದಮೊದಲಿನದು. ನಾವು ಹೆಮ್ಮೆಪಡುವ ಮೈಸೂರಿನ ಅಗಲ ಬೀದಿಗಳಲ್ಲಿ ಹಲವು ಸಾವಿನ ಭಯದಿಂದ ಹುಟ್ಟಿದವು.

2025ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಗೆ ತಿದ್ದುಪಡಿ ಬಂದು, ನಗರ ಪಾಲಿಕೆ ಇರುವ ಊರುಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಲು ಅವಕಾಶವಾಗಿದೆ. ಮೈಸೂರು ಅಂಥ ಊರು. ಪ್ರಾಧಿಕಾರ ಎಂದರೆ ಮತ್ತೊಂದು ನಾಮಫಲಕ, ಮತ್ತೊಂದು ಕಾರು ಎಂದು ನಿವೃತ್ತ ನೌಕರಳಾದ ನನಗೆ ಮೊದಲು ಅನಿಸಿದ್ದು ಸುಳ್ಳಲ್ಲ. ಆದರೂ ರಾಜಕಾಲುವೆ, ಹಳೆ ಕಟ್ಟಡ, ಆಸ್ಪತ್ರೆ, ದಸರಾ ಜನಸಂದಣಿ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಇಡುವ ಜಾಗ ಇನ್ನೊಂದಿಲ್ಲ. ನಿಮ್ಮ ವಾರ್ಡಿನಲ್ಲಿ ಯಾರಾದರೂ ಮತ ಕೇಳಲು ಬಂದಾಗ ರಸ್ತೆ, ನಲ್ಲಿ ಕೇಳಿದ ಮೇಲೆ ಇದನ್ನೂ ಕೇಳಿ. ಜಿಲ್ಲಾ ನಿಯಂತ್ರಣ ಕೊಠಡಿಯ ನಂಬರು 1077. ಫೋನಿನಲ್ಲೂ ಇರಲಿ, ಫ್ರಿಜ್ಜಿನ ಬಾಗಿಲಿನ ಮೇಲೂ ಇರಲಿ.

ನಮ್ಮ ಬೀದಿಗೆ ನಾನೊಂದು ಪಟ್ಟಿ ಮಾಡಿದ್ದೇನೆ, ಎತ್ತುವವರ ಹೆಸರಿನ ಸಮೇತ. ಈ ಜೂನ್‌ನಲ್ಲಿ ಅದನ್ನು ತಿದ್ದುವಾಗ ಒಂದು ಹೆಸರನ್ನು ಎಡಗಡೆಯ ಸಾಲಿನಿಂದ ಹೊಡೆದುಹಾಕಿದೆ, ಆ ಅಜ್ಜಿ ತೀರಿಕೊಂಡರು. ಮಂಡಿ ಆಪರೇಷನ್ ಆದ ಮೇಲೆ ನನ್ನದೇ ಹೆಸರನ್ನು ಬಲಗಡೆಯಿಂದ ತೆಗೆದು ಎಡಗಡೆಗೆ ಬರೆದೆ. ಎದುರುಮನೆಯ ಡಿಗ್ರಿ ಓದುವ ಹುಡುಗ ನನ್ನನ್ನು ಎತ್ತಲು ಒಪ್ಪಿದ್ದಾನೆ.